ಪುಟ ಹನ್ನೊಂದರಲ್ಲಿ ನನ್ನ ಮಾತು

ಪೈಕ್ ಲ್ಯಾಂಡಿಂಗ್, ಒಂಟಾರಿಯೊ
೧೨ ಜನವರಿ ೨೦೦೪, ಸೋಮವಾರ

ಐಲಾ,

ಪತ್ರ ಬರೆಯುವುದು ನನ್ನ ಕೆಲಸವಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಅಡುಗೆಮನೆಯ ಮೇಜಿಗೆ ಕೂರಿಸಿರುವವಳು ನಿನ್ನ ತಾಯಿ. ನಿನ್ನೆ ನೀನು ಫೋನು ಮಾಡಿದಾಗ, ಈ ವಿಷಯ ನಿನಗೆ ಅವಳೇ ಹೇಳಲಿ ಎಂದು ನಾನು ಕೈಸನ್ನೆ ಮಾಡಿದೆ. ಫೋನು ಇಟ್ಟ ಮೇಲೆ ನನ್ನ ಮೇಲೆ ಬಿದ್ದಳು. "ನಾನ್ಯಾಕೆ ಹೇಳ್ಲಿ? ಬಾಯಿ ಬಿಟ್ಟೋನು ನೀನು. ಹತ್ತೊಂಬತ್ತು ವರ್ಷದಿಂದ ನಿಮ್ಮಿಬ್ಬರ ಟಪಾಲು ಹೊತ್ತು ನನ್ನ ಬೆನ್ನು ಬಿದ್ದುಹೋಗಿದೆ. ಈ ಸಲ ನೀನೇ ಬರಿ," ಎಂದಳು. ನಾನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮಿಬ್ಬರ ಫೋನು ಹೇಗಿರುತ್ತದೆಂದು ನಿನಗೆ ಗೊತ್ತು. ಅಲ್ಲಿ ಚಳಿ ಎಷ್ಟು, ಇಲ್ಲಿ ಚಳಿ ಎಷ್ಟು, ತಗೋ ಅಮ್ಮನಿಗೆ ಕೊಡ್ತೀನಿ. ಮುಗಿಯಿತು.

ಕ್ರಿಸ್ಮಸ್ಸಿಗೆ ನೀನು ಕಳಿಸಿದ ಕೈಗವಸು ಬಂತು. ತಡವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಒಂದು ಅಳತೆ ದೊಡ್ಡದು. ಹಾಕಿಕೊಳ್ಳುತ್ತಿದ್ದೇನೆ. ನಿನ್ನ ತಾಯಿಯ ಮಂಡಿ ಹಾಗೇ ಇದೆ, ಬಾಯಿ ಇನ್ನೂ ಚುರುಕಾಗಿದೆ. ಹಬೆಸ್ನಾನದ ಸೌನಾದ ಒಲೆ ಬಿರುಕು ಬಿಟ್ಟಿತ್ತು, ಹೊಸದು ಹಾಕಿಸಿದೆ. ಇಲ್ಲಿ ಮೂರು ವಾರದಿಂದ ಮೈನಸ್ ಮೂವತ್ತು. ಹಳೆ ಟ್ರಕ್ಕು ಬೆಳಿಗ್ಗೆ ನನಗಿಂತ ಜಾಸ್ತಿ ಕೆಮ್ಮುತ್ತದೆ.

ಇನ್ನು ವಿಷಯ. ನಮ್ಮ ಐಸ್ ಹಾಕಿ ತಂಡ ಊರು ಬಿಡುವ ಹಾಗಿದೆ. ಅದಕ್ಕೆ ನಾನೇ ಕಾರಣ ಎಂದು ಅಚ್ಚಿನಲ್ಲಿ ಬಂದಿದೆ.

ಮೂರು ವರ್ಷದ ಹಿಂದೆ ರಿವರ್‌ಮೆನ್ ತಂಡವನ್ನು ಪ್ರೆಂಟಿಸ್ ಎಂಬ ಟೊರಾಂಟೊದವನು ಕೊಂಡ ಎಂದು ನಿನಗೆ ಗೊತ್ತು. ಅವನಿಗೆ ಹೊಸ ಅರೀನಾ ಬೇಕು. ಗಾಜಿನ ಕೋಣೆಗಳು, ಅದರೊಳಗೆ ಸೋಫಾ, ಸೋಫಾದಲ್ಲಿ ಆಟ ನೋಡದೆ ಸೀಗಡಿ ತಿನ್ನುವ ಜನ. ಪುರಸಭೆಯವರು ನವೆಂಬರಿನಲ್ಲಿ ಆಗುವುದಿಲ್ಲ ಎಂದರು. ಸರಿಯಾಗಿಯೇ ಅಂದರು. ಹಾಗಾದರೆ ತಂಡವನ್ನು ಅಮೆರಿಕದ ಜಾರ್ಜಿಯಾಕ್ಕೆ ಒಯ್ಯುತ್ತೇನೆ ಎಂದು ಅವನು ಕೂತಿದ್ದಾನೆ. ಐಸನ್ನು ಶರಬತ್ತಿನ ಲೋಟದಲ್ಲಿ ಮಾತ್ರ ನೋಡಿದ ಜನ ಅಲ್ಲಿರುವುದು. ಆದರೆ ನಮ್ಮ ಅರೀನಾದ ಕರಾರು ಇನ್ನೂ ಐದು ವರ್ಷ ಇದೆ, ಬಿಟ್ಟು ಹೋಗುವ ಹಾಗಿಲ್ಲ. ಒಂದೇ ಒಂದು ಕಂಡಿ ಇದೆ: ಐಸಿನ ಕೆಳಗಿನ ನೆಲ ಆಟಕ್ಕೆ ಯೋಗ್ಯವಲ್ಲ ಎಂದು ರುಜುವಾತಾದರೆ ಕರಾರು ರದ್ದು. ಫೆಬ್ರುವರಿ ಹತ್ತಕ್ಕೆ ಪುರಸಭೆಯ ಸಭಾಂಗಣದಲ್ಲಿ ವಿಚಾರಣೆ. ಲೀಗಿನವರು ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಕಳಿಸುತ್ತಾರೆ. ಅವರು ಎರಡೂ ಕಡೆಯದು ಕೇಳಿ ಅಂದೇ ತೀರ್ಪು ಕೊಡುತ್ತಾರೆ. ನೆಲ ಕೆಟ್ಟಿದೆ ಅಂದರೆ ತಂಡ ಹೋಯಿತು. ಕೆಟ್ಟಿಲ್ಲ ಅಂದರೆ ಉಳಿಯಿತು.

ಅದಕ್ಕೂ ಮುಂಚೆ, ಅಕ್ಟೋಬರಿನಲ್ಲೇ ಪ್ರೆಂಟಿಸ್ ಒಬ್ಬ ತಜ್ಞನನ್ನು ಕಳಿಸಿದ್ದ. ಹಾಲ್‌ಸ್ಟೆಡ್ ಎಂದು ಹೆಸರು. ತಜ್ಞ ಎಂದು ನನಗೆ ಯಾರೂ ಹೇಳಲಿಲ್ಲ. ನಯವಾದ ತೊಗಲಿನ ಷೂ ಹಾಕಿಕೊಂಡು ಐಸಿನ ಮೇಲೆ ಬಾತುಕೋಳಿ ಹಾಗೆ ನಡೆದುಕೊಂಡು ಬಂದ. ಬಿದ್ದಾನು ಎಂದು ನಾನೇ ತೋಳು ಹಿಡಿದು ಬೆಂಚಿನ ಹತ್ತಿರ ನಿಲ್ಲಿಸಿದೆ. ನನ್ನ ಫ್ಲಾಸ್ಕಿನಿಂದ ಕಾಫಿ ಕೂಡ ಕೊಟ್ಟೆ.

"ಹೇಗಿದೆ ನಿಮ್ಮ ಐಸು, ಮಿಸ್ಟರ್ ಕಾರ್ಪೆಲಾ?" ಎಂದ.

"ಐಸಾ? ಗಂಜಿ."

"ಕೆಳಗಿನ ನೆಲ?"

"ಸತ್ತು ವರ್ಷ ಆಯ್ತು. ಹೂಳೋರು ಬಂದಿಲ್ಲ ಅಷ್ಟೇ."

"ಈ ಚಳಿಗಾಲ ದಾಟುತ್ತಾ?"

"ಕ್ರಿಸ್ಮಸ್ ದಾಟಿದ್ರೆ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ತೀನಿ. ನಾನು ಚರ್ಚಿಗೆ ಹೋಗಿ ಇಪ್ಪತ್ತು ವರ್ಷ ಆಯ್ತು, ಅದನ್ನೂ ಬರ್ಕೋ."

ಬರೆದುಕೊಂಡ. ನಾನು ತಮಾಷೆ ಮಾಡಿ ಐಸು ನುಣುಪು ಮಾಡುವ ಗಾಡಿ ಹತ್ತಿ ಹೋದೆ.

ನಿನಗೆ ಇದರಲ್ಲಿ ಏನೂ ವಿವರಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಮುಂದೆ ನೀನು ಇದನ್ನೇ ನ್ಯಾಯಾಧೀಶರ ಮುಂದೆ ಹೇಳಬೇಕಾಗಬಹುದು. ಐಸು ಮಾಡುವವನು ತನ್ನ ಐಸನ್ನು ಚೆನ್ನಾಗಿದೆ ಅನ್ನುವುದಿಲ್ಲ, ಅಂದರೆ ಅದು ಕೆಡುತ್ತದೆ. ನನಗೆ ಕೆಲಸ ಕಲಿಸಿದ ಲಿಯೊ ಬೂಡ್ರೋ ಹಾಗೆ ಕಲಿಸಿದ. ಅವನೂ ಒಂದೇ ಸಲ ತಪ್ಪಿದ್ದು. ೧೯೬೪ರ ಮಾರ್ಚಿನಲ್ಲಿ ಪತ್ರಿಕೆಯವನೊಬ್ಬ ಕೇಳಿದ್ದಕ್ಕೆ, "ಇವತ್ತು ಗಾಜು ಕಣಯ್ಯಾ, ಗಾಜು," ಎಂದುಬಿಟ್ಟ. ಮೊದಲನೇ ಅವಧಿ ಮುಗಿಯುವುದರೊಳಗೆ ಐಸನ್ನು ತಣ್ಣಗಿಡುವ ಕಂಪ್ರೆಸರ್ ನಿಂತಿತು. ಐಸಿನಿಂದ ಎದ್ದ ಮಂಜಿನಲ್ಲಿ ಗೋಲು ಕಾಯುವವನ ತಲೆ ಮಾತ್ರ ಕಾಣುತ್ತಿತ್ತು. ಮಂಜು ಚದುರಿಸಲು ಆಟಗಾರರು ಹೋಟೆಲಿನ ಬೆಡ್‌ಶೀಟು ತಂದು ಬೀಸಿಕೊಂಡು ಸುತ್ತು ಹೊಡೆದರು. ಆಮೇಲೆ ಯಾರಾದರೂ ಬಾಯಿ ತಪ್ಪಿ ಐಸನ್ನು ಹೊಗಳಿದರೆ ಲಿಯೊ ಅವರ ಟೋಪಿ ಕಿತ್ತು ಕಸದ ಡಬ್ಬಿಗೆ ಹಾಕುತ್ತಿದ್ದ. ನಲವತ್ತಮೂರು ವರ್ಷದಿಂದ ಯಾರು ಕೇಳಿದರೂ ನಾನು ಗಂಜಿ ಎಂದೇ ಹೇಳಿದ್ದೇನೆ. ತಂಡದ ನಾಯಕ ಪಂದ್ಯಕ್ಕೆ ಮುಂಚೆ, "ಹೇಗಿದೆ ತೌನೊ?" ಎಂದು ಕೇಳುತ್ತಾನೆ. "ಈಜೋ ಚಡ್ಡಿ ತಂದಿದೀಯಾ?" ಅನ್ನುತ್ತೇನೆ. ಅವನು ನಗುತ್ತಾ ಒಳಗೆ ಹೋಗುತ್ತಾನೆ. ಇವತ್ತು ಎಲ್ಲ ಸರಿ ಇದೆ ಎಂದು ಅವನಿಗೆ ಗೊತ್ತಾಗುವುದೇ ಹಾಗೆ. ನಾನು ಬೈಯದ ದಿನ ಅವನಿಗೆ ಹೆದರಿಕೆ.

ಹೋದ ಬುಧವಾರ ಊರಿನ ಪರ ವಕೀಲೆ ಕರೆಸಿದಳು. ಮಿಸ್ ಡೆಲೋರ್ಮ್ ಎಂದು, ನಿನಗಿಂತ ಚಿಕ್ಕವಳು. ಮೇಜಿನ ಮೇಲೆ ಹಾಲ್‌ಸ್ಟೆಡ್‌ನ ವರದಿ. ಇಟ್ಟಿಗೆಯಷ್ಟು ದಪ್ಪ.

"ಕೂತ್ಕೊಳ್ಳಿ ತೌನೊ. ಪುಟ ಹನ್ನೊಂದು ಓದಿ."

"ನೀನೇ ಓದಮ್ಮ. ಕನ್ನಡಕ ತಂದಿಲ್ಲ." ಕನ್ನಡಕ ಜೇಬಿನಲ್ಲೇ ಇತ್ತು.

ಅವಳು ಓದಿದಳು. 'ನಲವತ್ತಮೂರು ವರ್ಷ ಅನುಭವವುಳ್ಳ ಮುಖ್ಯ ಐಸ್ ಕೆಲಸಗಾರರ ಸ್ವಂತ ಹೇಳಿಕೆಯ ಪ್ರಕಾರ ನೆಲವು ಒಂದು ವರ್ಷದ ಹಿಂದೆಯೇ ನಿರುಪಯುಕ್ತವಾಗಿದ್ದು, ಪ್ರಸಕ್ತ ಋತುವನ್ನು ಪೂರೈಸುವ ಭರವಸೆ ಅವರಿಗಿಲ್ಲ.' ಮೇಣದಬತ್ತಿಯನ್ನು ಮಾತ್ರ ಬಿಟ್ಟಿದ್ದ ಆ ಬಾತುಕೋಳಿ.

"ಇದನ್ನ ನೀವು ಹೇಳಿದ್ರಾ?"

"ಹೇಳ್ದೆ."

"ಅಂದ್ರೆ ನೆಲ ಕೆಟ್ಟಿದೆ."

"ಯಾರು ಹೇಳಿದ್ದು?"

"ನೀವು!"

"ಅದು ಹಾಗೆ ಹೇಳೋ ಮಾತಮ್ಮ."

ಲಿಯೊ, ಮಂಜು, ಬೆಡ್‌ಶೀಟು ಎಲ್ಲ ಹೇಳಿದೆ. ಅವಳು ಬರೆದುಕೊಳ್ಳಲಿಲ್ಲ. ಬರೆಯಬೇಕಾದದ್ದನ್ನು ಇವರು ಯಾರೂ ಬರೆಯುವುದಿಲ್ಲ. "ಸರಿ. ನಾನೇ ನ್ಯಾಯಾಧೀಶೆ ಅಂದ್ಕೊಳ್ಳಿ," ಎಂದಳು. "ಪ್ರಮಾಣ ಮಾಡಿ ಕೂತಿದ್ದೀರಿ. ಮಿಸ್ಟರ್ ಕಾರ್ಪೆಲಾ, ನೆಲ ಚೆನ್ನಾಗಿದೆಯಾ?"

ಐಲಾ, ನಾನು ಬಾಯಿ ತೆರೆದೆ. ಆ ನೆಲ ಚೆನ್ನಾಗಿದೆ, ಅದು ನನಗೂ ಗೊತ್ತು, ನಿನಗೂ ಗೊತ್ತು. ಆಚೆಗೆ ಬಂದದ್ದು ಮಾತ್ರ, "ನೋಡೋಣ."

"ನೋಡೋಣ ಅಲ್ಲ. ಚೆನ್ನಾಗಿದೆ ಅನ್ನಿ."

"ಪೂರ್ತಿ ಕೆಟ್ಟಿಲ್ಲ ಅಂತ..."

"ಇನ್ನೆಷ್ಟು ವರ್ಷ ಬಾಳುತ್ತೆ?"

"ಈ ಶನಿವಾರ ದಾಟ್ಲಿ ಮೊದ್ಲು."

ಪೆನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನಗೆ ರೇಗಿತು. ಬಾಗಿಲು ಬಡಿದು ಹೊರಗೆ ಬಂದೆ. ಮೆಟ್ಟಿಲು ಇಳಿದ ಮೇಲೆ ನೆನಪಾಯಿತು, ಟೋಪಿ ಅವಳ ಮೇಜಿನ ಮೇಲೆ. ಮತ್ತೆ ಹತ್ತಿ ಹೋಗಿ ತಂದೆ. ಅವಳು ಟೋಪಿ ಕೊಡುತ್ತಾ ಹೇಳಿದಳು: "ನೀವು ಸಾಕ್ಷಿಗೆ ಬಂದ್ರೆ ಸೋಲ್ತೀವಿ. ಬರದಿದ್ರೂ ಪುಟ ಹನ್ನೊಂದು ಇದೆ. ಆ ನೆಲ ಗೊತ್ತಿರೋ ಇನ್ನೊಬ್ಬರು ಯಾರಾದ್ರೂ ಇದ್ದಾರಾ?"

ಇರುವುದು ಇಬ್ಬರು. ಒಬ್ಬ ಡೇಲ್ ಪುರ್ವಿಸ್, ನನ್ನ ಕೈಕೆಳಗಿನವನು. ನೀನು ಊರು ಬಿಟ್ಟ ವರ್ಷ ಆ ಕೆಲಸಕ್ಕೆ ಬಂದವನು. ಅವನನ್ನು ಕಂಪ್ರೆಸರ್ ಕೋಣೆಯಲ್ಲಿ ನಿಲ್ಲಿಸಿ ಕೇಳಿದೆ. ನೆಲ ನೋಡುತ್ತಾ, "ನಂಗೆ ಮೂರು ಮಕ್ಳು ತೌನೊ. ಜಾರ್ಜಿಯಾದಲ್ಲಿ ಮುಖ್ಯಸ್ಥನ ಕೆಲಸ ಕೊಡ್ತೀನಿ ಅಂದಿದ್ದಾರೆ ಪ್ರೆಂಟಿಸ್," ಎಂದ. "ಅಲ್ಲಿ ಐಸು ಮಾಡೋದು ಅಂದ್ರೆ ಒಲೆ ಮೇಲಿಟ್ಟ ಬೆಣ್ಣೆ ಕರಗದೆ ಇರ್ಲಿ ಅಂತ ಕಾದ ಹಾಗೆ," ಎಂದೆ. "ಬೆಣ್ಣೆನಾದ್ರೂ ಸಿಗುತ್ತಲ್ಲ," ಎಂದ. ಅವನ ಮೇಲೆ ಕೂಗಾಡಿದೆ. ಆಮೇಲೆ ಯೋಚಿಸಿದರೆ, ನಾನು ಅವನ ಜಾಗದಲ್ಲಿದ್ದರೂ ನೆಲವನ್ನೇ ನೋಡುತ್ತಿದ್ದೆನೋ ಏನೋ.

ಇನ್ನೊಬ್ಬಳು ನೀನು.

ಊರಿಗೆಲ್ಲ ಗೊತ್ತಾಗಿದೆ. ಗುರುವಾರ ಪತ್ರಿಕೆಯಲ್ಲಿ ಪುಟ ಹನ್ನೊಂದನ್ನು ಹಾಗೇ ಹಾಕಿದ್ದಾರೆ, ನನ್ನ ಹೆಸರಿನ ಸಮೇತ. ಶುಕ್ರವಾರ ಬೆಳಿಗ್ಗೆ ಗೋರ್ಡನ ಡೋನಟ್ ಅಂಗಡಿಗೆ ಹೋದೆ. ಹೋಗದಿದ್ದರೆ ಹೆದರಿದ ಅನ್ನುತ್ತಾರೆ. ಕಾಫಿ ಇಡುತ್ತಾ ಗೋರ್ಡ್, "ಹೇಗಿದೆ ತೌನೊ ಕಾಫಿ? ಅಯ್ಯೋ ಬೇಡ ಬೇಡ, ಹೇಳ್ಬೇಡ ಮಾರಾಯ, ನನ್ನ ಅಂಗಡೀನೂ ಜಾರ್ಜಿಯಾಗೆ ಹೋಗ್ಬಿಟ್ಟೀತು!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾರಿಗೂ ನಗು ಉಳಿಯಲಿಲ್ಲ. ಅರೀನಾದ ಟಿಕೆಟ್ ಕಿಟಕಿಯ ವಾಂಡಾ ಮೂಲೆಯಲ್ಲಿ ಕೂತಿದ್ದಳು, ಹೋದ ವರ್ಷ ಅವಳ ಗಂಡ ತೀರಿಕೊಂಡ. "ನಿಮಗೆ ತಮಾಷೆ," ಎಂದಳು. "ಅಲ್ಲಿ ನನ್ನ ಹೆಸರು ಹಿಡಿದು ಮಾತಾಡಿಸೋರು ಮೂರು ಸಾವಿರ ಜನ. ಮನೇಲಿ ಒಂದು ಬೆಕ್ಕು." ಡೋನಟ್ ಅರ್ಧಕ್ಕೆ ಬಿಟ್ಟು ಎದ್ದಳು. ನನ್ನನ್ನು ದಾಟುವಾಗ ಬೈಯಲಿಲ್ಲ. ಭುಜ ತಟ್ಟಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಕಾಗದದ ಗಿರಣಿಯ ಎರಡನೇ ಯಂತ್ರ ನಿಂತ ಮೇಲೆ ಈ ಊರಿನಲ್ಲಿ ಉಳಿದಿರುವುದು ಈ ತಂಡವೊಂದೇ. ಶನಿವಾರ ಮಧ್ಯಾಹ್ನವಾದರೆ ಫಿನ್ನರು, ಫ್ರೆಂಚರು, ನದಿಯಾಚೆಯ ಮೀಸಲು ಜಮೀನಿನ ಮೂಲನಿವಾಸಿಗಳು, ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಒಂದೇ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಾರೆ. ಅದೂ ಹೋದರೆ ಇಲ್ಲಿ ಯಾಕಿರಬೇಕು ಎಂದು ಜನ ಕೇಳಿಕೊಳ್ಳಲು ಶುರುಮಾಡುತ್ತಾರೆ. ಒಂದು ಸಲ ಕೇಳಿಕೊಂಡರೆ ಮುಗಿಯಿತು.

ಮೊನ್ನೆ ಶನಿವಾರದ ಪಂದ್ಯ ನೋಡಲಾಗಲಿಲ್ಲ. ಗಾಡಿ ಬಿಡುವ ಬಾಗಿಲ ಹಿಂದೆ ಕಣ್ಣು ಮುಚ್ಚಿ ನಿಂತು ಸ್ಕೇಟಿನ ಸದ್ದು ಕೇಳುತ್ತಿದ್ದೆ. ಗಟ್ಟಿ ಐಸಿನ ಮೇಲೆ ಅದು ಬಟ್ಟೆ ಹರಿದ ಹಾಗೆ ಕೇಳಬೇಕು. ಹಾಗೆಯೇ ಕೇಳುತ್ತಿತ್ತು. ಆದರೂ ಪ್ರತಿ ಸಲ ಯಾರಾದರೂ ಬಿದ್ದಾಗ ಕಣ್ಣು ಬಿಡುತ್ತಿದ್ದೆ, ಈಗ ನೆಲ ಒಡೆಯಿತು, ಈಗ ಒಡೆಯಿತು ಎಂದು. ನನ್ನ ಬಾಯಿಂದ ಬಿದ್ದ ಸುಳ್ಳು ನಿಜವಾಗಿಬಿಡುವುದೋ ಎಂಬ ಹೆದರಿಕೆ. ದಿನಕ್ಕೆ ಒಂದು ಸಲ ಐಸಿನ ದಪ್ಪ ಅಳೆಯುತ್ತಿದ್ದವನು ಈಗ ನಾಲ್ಕು ಸಲ ಅಳೆಯುತ್ತೇನೆ. ಅಳೆಯಲು ಕೊರೆದ ತೂತುಗಳನ್ನು ಮುಚ್ಚುವುದೇ ಒಂದು ಕೆಲಸವಾಗಿದೆ. ಊಟ ಸೇರುವುದಿಲ್ಲ. ನಿನ್ನ ತಾಯಿ ಏಲಕ್ಕಿ ಹಾಕಿ ಪುಲ್ಲಾ ಬ್ರೆಡ್ಡು ಸುಟ್ಟರೆ ನಾಯಿಗೆ ಹಾಕುತ್ತೇನೆ. ನಾಯಿ ದಪ್ಪಗಾಗಿದೆ.

ನೀನು ಯಾಕೆ ಬರಬೇಕು ಎಂದರೆ ಕೇಳು. ೧೯೮೩ರ ಬೇಸಿಗೆಯಲ್ಲಿ ಆ ನೆಲವನ್ನು ಅಗೆದು ಹೊಸದಾಗಿ ಹಾಕಿದಾಗ ಐಸು ಹೆಪ್ಪುಗಟ್ಟಿಸುವ ಉಪ್ಪುನೀರಿನ ಕೊಳವೆಗಳನ್ನು ಮಲಗಿಸಿದವರು ನಾವಿಬ್ಬರು. ನೀನು ಇಪ್ಪತ್ತರ ಹುಡುಗಿ, ಮಂಡಿಗೆ ಗೋಣಿ ಕಟ್ಟಿಕೊಂಡು ಇಡೀ ಜುಲೈ ತೆವಳಿದೆ. ಗುತ್ತಿಗೆಯವರ ಬೆಸುಗೆ ಮೂರು ಕಡೆ ಸೋರಿದ್ದನ್ನು ಕಂಡುಹಿಡಿದು ಅವರ ಕೈಲೇ ಮತ್ತೆ ಮಾಡಿಸಿದ್ದೂ ನೀನೇ. ಆ ಮೇಸ್ತ್ರಿ ನಿನ್ನನ್ನು ಏನೋ ಅಂದ, ನೀನು ಫಿನ್ನಿಷ್‌ನಲ್ಲಿ ತಿರುಗಿ ಅಂದೆ, ಅವನಿಗೆ ಅರ್ಥವಾಗಲಿಲ್ಲ, ನನಗಾಯಿತು, ನಾನು ಬೇರೆ ಕಡೆ ತಿರುಗಿ ನಕ್ಕೆ. ಆ ಕೊಳವೆ ಇನ್ನೂ ಇಪ್ಪತ್ತು ವರ್ಷ ಬಾಳುವಂಥದ್ದು. ಇದನ್ನು ಕೈಯಲ್ಲಿ ಬರೆಯುವಾಗಲೂ ಬೆವರು ಬರುತ್ತಿದೆ ನೋಡು.

ಈಗ ನೀನು ಸಾಸ್ಕಟೂನಿನ ದೊಡ್ಡ ಅರೀನಾದಲ್ಲಿ ಐಸಿನ ಮುಖ್ಯಸ್ಥೆ. ನಿನ್ನ ಹತ್ತಿರ ಸರ್ಟಿಫಿಕೇಟು ಇದೆ, ನೀನು ಹೇಳಿದರೆ ನ್ಯಾಯಾಧೀಶರು ಕೇಳುತ್ತಾರೆ. ನೀನು ಎರಡು ದಿನ ಮುಂಚೆ ಬಂದು ಕೊಳವೆಯ ಒತ್ತಡ ಪರೀಕ್ಷೆ ಮಾಡು. ಅಂಕಿ ಏನು ಬರುತ್ತದೋ ಅದನ್ನೇ ಹೇಳು, ನನಗಾಗಿ ಒಂದು ಚೂರೂ ಕೂಡಿಸಬೇಡ. ಆಮೇಲೆ ಅವರ ವಕೀಲ ಪುಟ ಹನ್ನೊಂದನ್ನು ತೆಗೆಯುತ್ತಾನೆ. ಆಗ ಎದ್ದು ನಿಂತು, ನನ್ನಪ್ಪ ತನ್ನ ಕೈಯಲ್ಲಿ ಮಾಡಿದ ಯಾವುದರ ಬಗ್ಗೆಯೂ ಏನು ಹೇಳಿದರೂ ನಂಬಬೇಡಿ ಎಂದು ಹೇಳು. ಎಲ್ಲರ ಮುಂದೆ ಹೇಳು. ನಾನು ಮುಂದಿನ ಸಾಲಿನಲ್ಲಿ ಟೋಪಿ ತೆಗೆದು ಕೂತಿರುತ್ತೇನೆ.

ಗಾಡಿ ಖರ್ಚು ಪುರಸಭೆಯದು, ಮಿಸ್ ಡೆಲೋರ್ಮ್ ಒಪ್ಪಿದ್ದಾಳೆ. ನಿನ್ನ ಕೋಣೆಯಲ್ಲಿ ನಿನ್ನ ತಾಯಿಯ ಹೊಲಿಗೆ ಯಂತ್ರ ಇದೆ, ತೆಗೆಯುತ್ತೇವೆ.

ಜ್ವರ ನೆಗಡಿ ಬರದಿರಲಿ ನಿನಗೆ. ನಿನ್ನ ಕಂಪ್ರೆಸರ್‌ಗಳು ನಿನ್ನ ಮಾತು ಕೇಳಲಿ. ದಾರಿಯಲ್ಲಿ ಜಿಂಕೆ ಅಡ್ಡ ಬರದಿರಲಿ. ಇಷ್ಟು ಹಾರೈಸಲು ನನಗೆ ಬರುತ್ತದೆ.

ನಿನ್ನ ತಂದೆ,
ತೌನೊ ಕಾರ್ಪೆಲಾ

ಮರೆತದ್ದು: ಮೇಲಿನದನ್ನೆಲ್ಲ ನಿನ್ನ ತಾಯಿ ಓದಿ, "ಪರವಾಗಿಲ್ಲ, ಮನುಷ್ಯರ ಪತ್ರದ ಹಾಗಿದೆ," ಎಂದು ಹೇಳಿ ಅಂಚೆಚೀಟಿ ತರಲು ಹೋಗಿದ್ದಾಳೆ. ಇದನ್ನು ಅವಳು ಓದಿಲ್ಲ. ಮರೆತದ್ದು ಎಂದು ಬರೆದೆ, ಮರೆತಿರಲಿಲ್ಲ.

೧೯೮೫ರ ಏಪ್ರಿಲ್. ಆಗಿನ ಮ್ಯಾನೇಜರ್ ಮೆಕೇಬ್ ನನ್ನನ್ನು ಆಫೀಸಿಗೆ ಕರೆದು, "ಎರಡನೇ ಆಳಿನ ಕೆಲಸ ಖಾಯಂ ಆಗ್ತಿದೆ ತೌನೊ. ನಿನ್ನ ಮಗಳು ಎರಡು ಚಳಿಗಾಲ ದಿನಗೂಲಿ ಮಾಡಿದ್ದಾಳೆ. ಹೇಗಿದ್ದಾಳೆ? ಕೊಡ್ಲಾ?" ಎಂದು ಕೇಳಿದ. ನಾನು, "ಅವಳಾ? ಕೈ ಸಾಲ್ದು. ಒಂದು ಕೆಟ್ಟ ಚಳಿಗಾಲ ಬಂದ್ರೆ ಬಿರುಕು ಬಿಡ್ತಾಳೆ," ಎಂದೆ. ಅವನೂ ಬರೆದುಕೊಂಡ. ಮರುವಾರ ಡೇಲ್ ಬಂದ.

ಬಾಗಿಲು ತೆರೆದಿತ್ತು. ನೀನು ಕೆಂಪು ಬಣ್ಣದ ಬಕೆಟು ಹಿಡಿದು ಹೊರಗೆ ನಿಂತಿದ್ದೆ. ನಾನು ನೋಡಿದೆ. ನೀನು ಬಕೆಟನ್ನು ಸದ್ದಾಗದ ಹಾಗೆ ಕೆಳಗಿಟ್ಟು ಹೋದೆ.

ನೀನು ಐಸಿನವಳು, ನಾವು ಹೇಗೆ ಮಾತಾಡುತ್ತೇವೆಂದು ನಿನಗೆ ಗೊತ್ತು ಅಂದುಕೊಂಡೆ. ಸಾಸ್ಕಟೂನಿಗೆ ಹೋದದ್ದು ದೊಡ್ಡ ಕೆಲಸಕ್ಕೆ ಅಂದುಕೊಂಡೆ. ಹತ್ತೊಂಬತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಬುಧವಾರ ಆ ವಕೀಲೆ ನನ್ನ ಮಾತನ್ನು ನನಗೇ ಓದಿ ಹೇಳುವವರೆಗೆ, ಅದು ಕೇಳುವವರಿಗೆ ಹೇಗೆ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿನ್ನ ಕೈ ಚೆನ್ನಾಗಿತ್ತು ಐಲಾ. ನನ್ನದಕ್ಕಿಂತ ಚೆನ್ನಾಗಿತ್ತು. ಬರೆದುಬಿಟ್ಟೆ. ಈ ವಾರ ಸ್ವಲ್ಪ ಹುಷಾರಾಗಿರು, ಏಣಿ ಹತ್ತಬೇಡ.

ಇದನ್ನು ಓದಿದ ಮೇಲೆ ಬರುವುದಿಲ್ಲ ಅಂದರೂ ನಾನು ಏನೂ ಅನ್ನುವ ಹಾಗಿಲ್ಲ. ಆದರೆ ಬರುತ್ತೀಯೋ ಇಲ್ಲವೋ, ಜನವರಿ ಮೂವತ್ತರೊಳಗೆ ತಿಳಿಸು. ಅಮ್ಮನಿಗಲ್ಲ, ನನಗೆ.